ಅರ್ಧ ಮಾತ್ರೆ ಮುಂಚೆ

ನವೆಂಬರ್ ಇನ್ನೂ ಮುಗಿದಿಲ್ಲ, ಆಗಲೇ ಶುರು.
ಗ್ರಿಮ್ಸ್‌ಬಿಯ ಪೇಟೆಯಲ್ಲಿ ಅಂಗಡಿಯ ಬಾಗಿಲು ತೆರೆದಾಗೆಲ್ಲ
ಆ ಹಾಡಿನ ಒಂದು ತುಣುಕು ಬೀದಿಗೆ ಬೀಳುತ್ತದೆ,
ಮುಚ್ಚಿದರೆ ಪದದ ನಡುವೆಯೇ ತುಂಡಾಗುತ್ತದೆ.
ಗಂಟೆ, ಗೆಜ್ಜೆ, ಕೀಬೋರ್ಡಿನ ಉದ್ದ ನಿಟ್ಟುಸಿರು,
ಆಮೇಲೆ ಮಕ್ಕಳು:
'ಇನ್ನೊಂದು ತಟ್ಟೆ ಇಡಿ, ಇನ್ನೊಂದು ತಟ್ಟೆ ಇಡಿ.'

ಗೇನರ್ ಸ್ಟಬ್ಸ್ ನಿಲ್ಲುತ್ತಿದ್ದಳು.
ಪ್ರತಿ ವರ್ಷ ನಿಲ್ಲುತ್ತಿದ್ದಳು, ಟ್ರಾಲಿ ಅಡ್ಡವಿಟ್ಟು,
ಹಿಂದಿನವರು ಗೊಣಗಲಿ ಬೇಕಾದರೆ,
ಎರಡನೆಯ 'ಇನ್ನೊಂದು' ಬರುವತನಕ.
ಅಲ್ಲಿ ಒಂದು ದನಿ
ಎಲ್ಲರಿಗಿಂತ ಅರ್ಧ ಮಾತ್ರೆ ಮುಂಚೆ ಜಿಗಿಯುತ್ತದೆ,
ರಸ್ತೆಯಂಚಿನಲ್ಲಿ ಕೈ ಕೊಸರಿಕೊಂಡ ಮಗುವಿನ ಹಾಗೆ.
ಅದು ಅವಳದು.
ಒಂಬತ್ತು ವರ್ಷದ್ದು. ಕೋರೆಹಲ್ಲೊಂದು ಬಿದ್ದಿತ್ತು.

ಇಪ್ಪತ್ತೆರಡು ಮಕ್ಕಳನ್ನು ಬಸ್ಸಿನಲ್ಲಿ ತುಂಬಿಕೊಂಡು
ಲೀಡ್ಸಿನ ಸ್ಟುಡಿಯೋಗೆ ಒಯ್ದಿದ್ದರು, ಆಗಸ್ಟಿನ ಉರಿಬಿಸಿಲಲ್ಲಿ.
ಪಟ ತೆಗೆಯಲು ಕತ್ತಿಗೆ ಉಣ್ಣೆಯ ಮಫ್ಲರು,
ತಲೆಯ ಮೇಲೆ ಕತ್ತರಿಸಿದ ಕಾಗದದ ಹಿಮ,
ಬೆವರೊರೆಸಲು ಒಬ್ಬಾಕೆ ಟವೆಲು ಹಿಡಿದು ಕಾದಿದ್ದಳು.
ಉದ್ದಕೂದಲಿನ ಗಾಯಕ ಮೊಣಕಾಲೂರಿ ಹೇಳಿದ:
'ಬಹಳ ದೂರದಲ್ಲಿ ಹಸಿದವರಿದ್ದಾರೆ,
ಅವರಿಗೆ ಕೇಳುವ ಹಾಗೆ ಹಾಡಿ.'
ಅವಳು ನಿಜವೆಂದೇ ತಿಳಿದಳು.
ಬಹಳ ದೂರ ಅಂದರೆ
ಸ್ವಲ್ಪ ಬೇಗ ಹೊರಡಬೇಕಲ್ಲ?

ಕೂಲಿ: ಒಂದು ಬರ್ಗರ್, ಕಿತ್ತಳೆ ಶರಬತ್ತು,
ಎದೆಯ ಮೇಲೆ ತಟ್ಟೆಯ ಚಿತ್ರವಿದ್ದ ಅಂಗಿ.
ಅಂಗಿ ಆಮೇಲೆ ತಮ್ಮನಿಗಾಯಿತು,
ಆಮೇಲೆ ಕಿಟಕಿ ಒರೆಸಲಾಯಿತು.

ಹಾಡು ಎಷ್ಟು ದುಡಿಯಿತೋ ಯಾರಿಗೆ ಗೊತ್ತು.
ಧಾನ್ಯ ತುಂಬಿ ಹಡಗು ಹೋಯಿತಂತೆ. ಟೀವಿಯಲ್ಲಿ ತೋರಿಸಿದರು
ಮೂಟೆಗಳು, ಮೂಟೆಗಳ ಮುಂದೆ ಗಾಯಕ,
ಗಾಯಕನ ಪಕ್ಕಕ್ಕೆ ಹೆಸರು ಹೇಳದ ಒಬ್ಬ ಹುಡುಗಿ.
ಅವಳು ಕ್ಯಾಮೆರಾ ನೋಡಲಿಲ್ಲ, ಗಾಯಕನ ಮುಖ ನೋಡಲಿಲ್ಲ,
ಮೂಟೆಯ ಬಾಯಿಯ ಹೊಲಿಗೆಯನ್ನೇ ನೋಡುತ್ತಿದ್ದಳು.
'ಥ್ಯಾಂಕ್ಸ್ ಹೇಳಬಾರದಾ ಅವಳು,' ಅಂದಿದ್ದಳು ಗೇನರ್, ಅಮ್ಮನಿಗೆ.

ಈ ವರ್ಷ ಟ್ರಾಲಿ ಇಲ್ಲ.
ಮೀನಿನ ಕಾರ್ಖಾನೆ ರಾತ್ರಿಪಾಳಿ ನಿಲ್ಲಿಸಿ ಹನ್ನೊಂದು ವಾರ.
ಮಂಗಳವಾರ, ಚರ್ಚಿನ ಹಿಂದಿನ ಹಜಾರ, ಕೈಯಲ್ಲಿ ನೀಲಿ ಚೀಟಿ.
ತಲೆಗೆ ಬಟ್ಟೆಯ ಜಿಂಕೆಕೊಂಬು ಕಟ್ಟಿಕೊಂಡ ನೆವಿಲ್
ಬೀನ್ಸು, ಸೂಪು, ಪಾಸ್ತಾ, ಅವಧಿ ಮುಗಿಯಲು ನಾಲ್ಕೇ ದಿನವಿರುವ
ಒಂದು ಕ್ರಿಸ್ಮಸ್ ಪುಡಿಂಗು
ಎಣಿಸಿ ಎಣಿಸಿ ಚೀಲಕ್ಕಿಳಿಸಿ, ಬಾಯಿಗೆ ಗಂಟು ಹಾಕುತ್ತಾನೆ.
ಒಳ್ಳೆಯವನು. ಬಹಳ ಮಾತಾಡುತ್ತಾನೆ.
ಗೇನರ್ ಗಂಟನ್ನೇ ನೋಡುತ್ತಾಳೆ.

ಕಿಟಕಿಯ ಮೇಲಿನ ರೇಡಿಯೋದಲ್ಲಿ ಗಂಟೆ, ಗೆಜ್ಜೆ.
ನೆವಿಲ್ ಜೊತೆಗೆ ಹಾಡುತ್ತಾನೆ, ಬೆರಳಲ್ಲಿ ಟಿನ್ನಿನ ಮೇಲೆ ತಾಳ ಹಾಕಿ,
ತಟಕ್ಕನೆ ನಿಲ್ಲಿಸುತ್ತಾನೆ.
'ಕೇಳಿದಿರಾ? ಒಂದು ಮಗು ತಾಳ ತಪ್ಪುತ್ತೆ ಅಲ್ಲಿ.
ಪ್ರತಿ ವರ್ಷ ಕಿವಿಗೆ ಚುಚ್ಚುತ್ತೆ.
ಅಷ್ಟು ದುಡ್ಡು ಮಾಡಿದರು, ತಿದ್ದಿಸಬಾರದಿತ್ತೇ?'

ಹೇಳಬಹುದಿತ್ತು.
ನಾಲಿಗೆಯ ತುದಿಯವರೆಗೂ ಬಂತು,
ಕೋರೆಹಲ್ಲಿನ ಜಾಗದವರೆಗೆ.
'ಎಳೆದು ತೆಗೆಯೋ ಮುಚ್ಚಳದ ಟಿನ್ ಇದೆಯಾ?' ಅಂದಳು.
'ಓಪನರ್ ಮುರಿದಿದೆ.'

ಹೊರಗೆ ಮೆಟ್ಟಿಲ ಬಳಿ ಕೆಂಪು ಬಕೆಟ್ಟು,
ಅದರ ಹಿಂದೆ ಗವಸು ತೊಟ್ಟ ಒಬ್ಬ ಹುಡುಗ,
ಯಾವ ಊರಿನ ಯಾವ ಪ್ರವಾಹಕ್ಕೋ ಸಂಗ್ರಹ.
ಕುಲುಕಿದ. ಸದ್ದು ತೆಳ್ಳಗಿತ್ತು.
ಯೋಚನೆಗಿಂತ ಅರ್ಧ ಮಾತ್ರೆ ಮುಂಚೆ
ಅವಳ ಕೈ ಜೇಬಿಗೆ ಹೋಗಿ, ಬಂದು, ತೆರೆದಿತ್ತು.

ಬಸ್ಸಿನ ಚಿಲ್ಲರೆ ಅದೇ ಎಂದು
ನಿಲ್ದಾಣಕ್ಕೆ ಬಂದಮೇಲೆ ನೆನಪಾಯಿತು.
'ದಡ್ಡಿ,' ಎಂದು ತನಗೇ ಬೈದುಕೊಂಡಳು, ಸ್ವಲ್ಪ ನಕ್ಕಳು.
ಎರಡು ಮೈಲಿ. ಕಡಲ ಗಾಳಿ ಎದುರಿಗೆ.
ಚೀಲ ಬಲಗೈಯಿಂದ ಎಡಗೈಗೆ, ಎಡಗೈಯಿಂದ ಬಲಗೈಗೆ,
ಒಳಗೆ ಟಿನ್ನುಗಳು ಒಂದಕ್ಕೊಂದು ತಾಗುತ್ತ,
ಅವಳ ಹೆಜ್ಜೆಗೆ ಒಮ್ಮೆಯೂ ಸರಿಹೊಂದದೆ.