ಎಡಗಡಿ ಮಾರಿ

ಆ ಪುಸ್ತಕದಾಗ ನಾ ಅದೀನಿ.
ಹನ್ನೆರಡನೇ ಪುಟ, ಎಡಗಡಿ, ನುಣ್ಣನ್ನ ಕಾಗದ.
ಕೆಳಗ ಅಚ್ಚು ಹಾಕ್ಯಾರ: ‘ಮೊದಲು’.

ಫೋಟೋ ತಗದಾಕಿ ತುಳಸಾಬಾಯಿ ಲದವಾ.
ಜಂಪರ್ ಹೊಲಿಸಾಕ ಬಂದಾಕಿ ನನ್ನ ಗಲ್ಲದ ಬಂಗು ನೋಡಿ
ಅಯ್ಯ, ಹಿಂಗ ಬಿಟ್ರ ಹೆಂಗವಾ, ಅಂದ್ಲು.
ಟ್ಯೂಬ್‌ಲೈಟ್ ಆರಿಸಿ, ಕಿಡಕಿ ಮುಚ್ಚಿ,
ನಗಬ್ಯಾಡ, ಅಂದ್ಲು.
ಎರಡು ಹಡದು, ಹತ್ತು ವರ್ಷ ಮಷೀನು ತುಳದಾಕಿ ಮಾರಿ,
ನಗಬ್ಯಾಡ ಅಂದ್ರ ಅದಕ್ಕೇನು ಕಷ್ಟ?

ಬೆಟಗೇರ್ಯಾಗ ನಮ್ಮ ಓಣಿ ಹೆಸರು ಹೆಲ್ತ್ ಕ್ಯಾಂಪು.
ಇಲ್ಲಿ ಯಾರಿಗೂ ಹೆಲ್ತ್ ಇಲ್ಲಂತ ತಿಳದದ್ದು
ಕಂಪನಿ ಬಂದ ಮ್ಯಾಲೆ.
ಮಣಕಾಲಿಗೆ ಪುಡಿ, ಮುಟ್ಟಿನ ನೋವಿಗೆ ಗುಳಿಗಿ,
ಹುಡುಗರ ಬುದ್ಧಿಗೆ ಎಂಥದೋ ಹಸಿರು ನೀರು.
ಮಾರಿಗೆ ಮೂರು ಡಬ್ಬಿ:
ಒಂದು ತೊಳ್ಯಾಕ, ಒಂದು ಹಚ್ಚಾಕ,
ಹಚ್ಚಿದ್ದು ಉರದ್ರ ಅದರ ಮ್ಯಾಲೆ ಹಚ್ಚಾಕ ಇನ್ನೊಂದು.
ಒಳಗಿನ ಹೊಲಸು ಹೊರಗ ಬರಾಕತ್ತೈತಿ, ತಡೀಬೇಕವಾ, ಅಂತಿದ್ಲು.
ನಲವತ್ತು ಜಂಪರಿನ ರೊಕ್ಕದಷ್ಟು ತಡದೆ.

ಹುಬ್ಬಳ್ಳಿಗೂ ಕರಕೊಂಡು ಹೋಗಿದ್ಲು.
ಗೋಕುಲ ರೋಡಿನ ಹಾಲು, ನೂರಾರು ಕುರ್ಚಿ,
ಕಾಲಾಗ ನಡುಕ ಹುಟ್ಟಸೋ ಎಸಿ.
ಇಚಲಕರಂಜಿಯಿಂದ ಬಂದ ಕೋಟಿನಾಂವ ಕೂಗತಿದ್ದ,
ಬೆಳ್ಳಿಯವರು ಏಳ್ರಿ! ಬಂಗಾರದವರು ಏಳ್ರಿ! ವಜ್ರ!
ವಜ್ರ ಒಬ್ಬಾಂವನ ಇದ್ದ. ಅಂವನ ಕಥಿ ಕೇಳಿ ಎಲ್ಲಾರೂ ಅತ್ರು.
ಆಮ್ಯಾಲೆ ಕಾರ್ಡು ಹಂಚಿ, ನಿಮ್ಮ ಕನಸು ಬರೀರಿ, ಅಂದ್ರು.
ತುಳಸಾಬಾಯಿ ‘ವಿಮಾನ’ ಅಂತ ಬರದ್ಲು.
ನಾ ‘ಮೋಟರ್ ಮಷೀನು’ ಅಂತ ಬರದು,
ಸಣ್ಣದಾತೇನೋ ಅಂತ ನಾಚಿ, ಮಡಚಿಟ್ಟೆ.

ನನ್ನ ಕೆಳಗ ಇಬ್ಬರು ಬೇಕಂತ.
ನಾದಿನಿ ಗುರುಪಾದವ್ವನ್ನ ಸೇರಿಸಿದೆ, ಅಂಗನವಾಡಿ ಜೈತುನ್‌ಬಿನ್ನ ಸೇರಿಸಿದೆ.
ನಾದಿನಿ ಇವತ್ತಿಗೂ ನಮ್ಮ ಮನಿ ಚಾ ಕುಡಿಯೂದಿಲ್ಲ.
ಜೈತುನ್ ಕುಡೀತಾಳ. ಅದ ಹೆಚ್ಚು ಸುಡತೈತಿ.

ಪುಟದ ಬಲಗಡಿ ‘ನಂತರ’ ಅಂತ ಒಬ್ಬಾಕಿ ಅದಾಳ.
ಮೂಗಬಟ್ಟಿಲ್ಲ. ಮೂಗೂ ನಂದಲ್ಲ.
ನಕ್ಕೋಂತ ನಿಂತಾಳ.
ಆಕಿಗೆ ಯಾರೋ ನಗು ಅಂದಿರಬೇಕು.

ತುಳಸಾಬಾಯಿ ಈಗ ಹಿಂದಿನ ಸಂದಿಯಿಂದ ಹಾಯತಾಳ,
ಪಾಟ್ಲಿ ಇದ್ದ ಕೈಯಾಗ ಬರೇ ಗಾಜಿನ ಬಳಿ.
ಮಂಚದ ಕೆಳಗ ಇನ್ನೂ ಎಪ್ಪತ್ತು ಡಬ್ಬಿ ಅದಾವಂತ.
ನನ್ನ ಮೂರರಾಗ ಹುಕ್ಕು, ಟಿಚ್‌ಬಟನ್, ಮುರದ ಸೂಜಿ.

ಮೊನ್ನೆ ನರಗುಂದದ ಕಡೆ ಹುಡುಗಿಯೊಂದು ಬಂತು,
ಹೆಗಲಿಗೆ ಭಾರದ ಬ್ಯಾಗು, ಬೆವತ ಹಣಿ.
ನನ್ನ ಕಡೆ ನೋಡದ, ಬಾಯಿಪಾಠ ಒಪ್ಪಿಸಿಕೋಂತ,
ಹನ್ನೆರಡನೇ ಪುಟ ತಗದು ನನ್ನ ಗಲ್ಲದ ಮ್ಯಾಲೆ ಬಟ್ಟಿಟ್ಟು
ನೋಡ್ರಿ ಅಕ್ಕಾರ, ಈ ಪಾಪದಾಕಿ ಹೆಂಗಿದ್ಲು, ಅಂತು.

ಮಷೀನು ನಿಂದರಿಸಿದೆ.
ಹೇಳಬೇಕಂತ ಬಾಯಿ ತಗದಾಕಿ
ಜಂಪರ್ ಯಾರು ಹೊಲದಾರ ನಿನಗ, ಬಗಲಾಗ ಬಿಗಿ ಆಗೈತಿ, ಅಂದೆ.
ಬಾ, ನೆಟ್ಟಗ ನಿಲ್ಲು.

ಟೇಪು ಹಿಡದೆ.
ಬ್ಯಾಗಿನ ಪಟ್ಟಿ ಕುಂತು ಕುಂತು
ಎಡ ಭುಜ ಬಲಕ್ಕಿಂತ ಅರ್ಧ ಇಂಚು ಕೆಳಗ.
ಬರಕೊಂಡೆ.