ಆಡು ಮುಟ್ಟದ ಸೊಪ್ಪು

ಆಡು ಮುಟ್ಟದ ಸೊಪ್ಪಿಲ್ಲ ಅನ್ನುವವರು
ಪಿಳ್ಳಕ್ಕನ ಗೋಣಿತಾಟಿನ ಮುಂದೆ
ಗಳಿಗೆ ಹೊತ್ತೂ ಕೂತವರಲ್ಲ.

ಮಾರ್ಕೆಟ್ಟಿನ ಫ್ಲೈಓವರ್ ಕೆಳಗೆ ನಾಲ್ಕನೇ ಕಂಬ,
ಬಾಡಿದ ಸುಗಂಧರಾಜದ ರಾಶಿಗೂ
ಪೊಲೀಸರ ಬ್ಯಾರಿಕೇಡಿಗೂ ನಡುವೆ ಅವಳ ಜಾಗ.
ಬಕ್ರೀದಿಗೆ ನಾಲ್ಕು ದಿನ ಇರುವಾಗ
ಚಾಮರಾಜಪೇಟೆಗೆ ಹೊರಟ ಆಡೊಂದು ಹಗ್ಗ ಕಿತ್ತುಕೊಂಡು ಬಂದು
ದಂಟು ತಿಂತು, ಒಂದೆಲಗ ತಿಂತು,
ಹೂವಿನವಳ ಸಾಲದ ಪುಸ್ತಕದ ಮೂಲೆಯನ್ನೂ ತಿಂತು.
ಆಡುಸೋಗೆ ಕಟ್ಟಿಗೆ ಮೂತಿಯಿಟ್ಟು
ಸೀನಿ
ಹಿಂದಕ್ಕೆ ಸರಿಯಿತು.
‘ಹೆಸರಲ್ಲಷ್ಟೇ ಆಡು’ ಅಂದು ನಕ್ಕಳು ಪಿಳ್ಳಕ್ಕ,
ಸಾಲದ ಪುಸ್ತಕದವಳು ನಗಲಿಲ್ಲ.

ನನ್ನದು ಕೆಮ್ಮು.
ಕಬ್ಬನ್‌ಪೇಟೆಯ ಮಗ್ಗದ ಮನೆಯಲ್ಲಿ ಏಳು ವರ್ಷ ಕಂಡಿಕೆ ಸುತ್ತಿದ್ದೇನೆ.
ಕಿಟಕಿ ತೆಗೆದರೆ ಎಳೆ ಹಾರುತ್ತದೆ ಅಂತ ತೆಗೆಯುವುದಿಲ್ಲ.
ರಾತ್ರಿ ಕೆಮ್ಮಿದರೆ
ಯಾರದೋ ಧಾರೆಸೀರೆಯ ನೂಲೊಂದು
ಗಂಟಲಿಂದ ಎಳೆದಷ್ಟೂ ಬರುತ್ತದೇನೋ ಅನಿಸುತ್ತದೆ.

ನಗೀನಾ ಹೇಳಿದ್ದಳು:
ಎಲೆಯನ್ನು ಹೆಂಚಿನ ಮೇಲೆ ಬಾಡಿಸು, ಹಿಂಡು,
ಹಸಿದಾಗ ಹಿಂಡಿದರೆ ಹನಿಯೂ ಕೊಡದ ಜಿಪುಣ ಸೊಪ್ಪು ಅದು.
ಅರ್ಧ ಚಮಚ ರಸ, ಅಷ್ಟೇ ಜೇನು, ಚಿಟಿಕೆ ಹಿಪ್ಪಲಿ.
ಕಹಿ ಕಿವಿಯವರೆಗೂ ಹತ್ತುತ್ತೆ, ಕಟ್ಟಿದ ಕಫ ಕಳಚುತ್ತೆ.
ಅವಳ ಮಾಮ ಒಣಗಿದೆಲೆ ಸುತ್ತಿ
ಬೀಡಿಯಂತೆ ಸೇದುತ್ತಿದ್ದರಂತೆ ಉಬ್ಬಸಕ್ಕೆ.
ನಮ್ಮ ಓನರಿನ ತಾತ ಇದೇ ಎಲೆ ಕುದಿಸಿ
ನೂಲಿಗೆ ಹಳದಿ ಹಾಕುತ್ತಿದ್ದರಂತೆ;
ಈಗ ಹಳದಿ ಡಬ್ಬಿಯಲ್ಲಿ ಬರುತ್ತದೆ,
ಕೆಮ್ಮು ಮಾತ್ರ ಹಾಗೇ ಇದೆ.

ಹತ್ತು ರೂಪಾಯಿ ಕೊಟ್ಟೆ.
ಪಿಳ್ಳಕ್ಕ ಕಟ್ಟು ಎತ್ತಿದಳು. ತುದಿಯಲ್ಲಿ ಬಿಳಿ ಹೂ,
ಸಿಂಹ ಆಕಳಿಸಿದ ಹಾಗೆ, ಒಳಗೆ ನೇರಳೆ ಗೀರು.
ಕೈ ಚಾಚಿದೆ.
ಅವಳು ಕೊಡಲಿಲ್ಲ.
ನನ್ನ ಕಣ್ಣನ್ನಲ್ಲ, ಕತ್ತಿನ ಕುಳಿಯಲ್ಲಿ ಮಿಡಿಯುವುದನ್ನು ನೋಡಿದಳು.
‘ಎಷ್ಟು ದಿನ ಆತು?’
ಮೂರು ವಾರದಿಂದ ಅಂದೆ, ಒಣಕೆಮ್ಮು.
‘ಕೆಮ್ಮಲ್ಲ ಕಣವ್ವ ಕೇಳಿದ್ದು.’

ಮೇಲೆ ಬಸ್ಸೊಂದು ಹೋಗಿ ಕಂಬ ನಡುಗಿತು.

‘ಬಿಗಿದದ್ದನ್ನ ಸಡಿಲ ಮಾಡೋ ಸೊಪ್ಪು ಇದು.
ಎದೆ ಯಾವುದು ಬಸಿರು ಯಾವುದು
ಇದಕ್ಕೇನು ಗೊತ್ತು?’
ಕಟ್ಟನ್ನು ಬೆನ್ನ ಹಿಂದಿಟ್ಟು
ಮೇಲೆ ಒದ್ದೆ ಗೋಣಿ ಎಳೆದಳು.
‘ರಸ್ತೆ ದಾಟಿದ್ರೆ ವಾಣಿವಿಲಾಸ. ಚೀಟಿ ಮಾಡ್ಸು.
ಹತ್ತು ರೂಪಾಯಿ ಇಸ್ಕೊ.’

ನೋಟಿಗೆ ಸೊಪ್ಪಿನ ತೇವ ಹತ್ತಿತ್ತು.
ಬೆರಳು ಮಡಚಿ ಎಣಿಸುತ್ತಾ ನಿಂತೆ,
ಎರಡು ಸಲ ತಪ್ಪಿತು, ಮೂರನೇ ಸಲ ಸರಿಬಂತು.
ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ನನಗೇ ಗೊತ್ತಿರಲಿಲ್ಲ.
ಸಿಗ್ನಲ್ ಎರಡು ಬಾರಿ ಹಸಿರಾಗಿ ಕೆಂಪಾಯಿತು.
ಅಷ್ಟರಲ್ಲಿ ಮತ್ತೆ ಕೆಮ್ಮು ಬಂತು;
ಸೆರಗು ಬಾಯಿಗೊತ್ತಿ ಕೆಮ್ಮಿದೆ, ಮೆಲ್ಲಗೆ,
ಯಾರೋ ಮಲಗಿರುವ ಮನೆಯಲ್ಲಿ ಕೆಮ್ಮುವ ಹಾಗೆ.