ಹೆಚ್ಚುಕಡಿಮೆ

ಕಡೂರಿನ ಕಚೇರಿಯಲ್ಲಿ ಕೊಟ್ಟದ್ದು ಇಷ್ಟು:
ಮಡಿಕೆಯಲ್ಲಿ ಹರಿದ ಒಂದು ನಕ್ಷೆ,
ಭಾನುವಾರಗಳೇ ಇಲ್ಲದ ಮಳೆಯ ರಿಜಿಸ್ಟರು.
ಭಾನುವಾರ ಸುರಿದದ್ದು ಸೋಮವಾರದ ಲೆಕ್ಕಕ್ಕೆ.
ಎಂಬತ್ತೇಳರಿಂದ ತೊಂಬತ್ತೊಂದರ ತನಕ
ಗೆದ್ದಲು ತಿಂದಿತ್ತು. ಐದು ವರ್ಷದ ಮಳೆ
ಕಪಾಟಿನ ತಳದಲ್ಲಿ ಒಂದು ಹಿಡಿ ಮಣ್ಣು.
ಅದನ್ನು ಯಾವ ಕಲಮ್ಮಿಗೆ ಸೇರಿಸಲಿ?

"ಒಂದು ಅಂಕಿ ಸಾಕು ರೀ," ಅಂದರು ಸಾಹೇಬರು,
"ಹೆಕ್ಟೇರಿಗೆ, ವರ್ಷಕ್ಕೆ, ಎಷ್ಟು ಟನ್ನು ಮಣ್ಣು ಹೋಗುತ್ತೆ ಅಂತ.
ಹದಿನೈದರ ಒಳಗೆ ಇರಲಿ."
ಹದಿನೈದನೇ ತಾರೀಖೋ, ಹದಿನೈದು ಟನ್ನೋ,
ನಾನು ಕೇಳಲಿಲ್ಲ.

ಪಂಚನಹಳ್ಳಿ ದಾಟಿ ಎಡಕ್ಕೆ.
ಹಳ್ಳ ವರ್ಷಕ್ಕೆ ನಾಲ್ಕು ದಿನ ಹರಿಯುತ್ತದೆ,
ಮಿಕ್ಕ ದಿನ ಅದರ ತುಂಬ ಮೈಲಾರಿಯ ಕುರಿ.
ಸೇತುವೆಯ ಕಂಬಕ್ಕೆ ಬಳಿದ ಅಳತೆಪಟ್ಟಿ
ಒಂದು ಮೀಟರಿನವರೆಗೆ ಹೂಳಿನಡಿ.
ಇಲ್ಲಿ ಸೊನ್ನೆಯನ್ನು ಯಾರೂ ಕಂಡಿಲ್ಲ.

ನೀರಗಂಟಿ ಸಣ್ಣೀರಪ್ಪನನ್ನು ಕೇಳಿದೆ,
ಪ್ರವಾಹ ಬಂದಾಗ ಲೀಟರಿಗೆ ಎಷ್ಟು ಗ್ರಾಂ?
ಅವನು ನನ್ನ ಸೀಸೆಗಳನ್ನು ನೋಡಿದ, ಆಮೇಲೆ ನನ್ನನ್ನು.
"ಮಾಮೂಲಿ ವರ್ಸ ಮಜ್ಜಿಗೆ ಬರ್ತೈತೆ ಸೋಮಿ.
ಜೋರಾದ್ರೆ ಅಂಬಲಿ.
ಏರಿ ಬಿರಿದ ವರ್ಸ ಬಂತಲ್ಲ, ಅದು ಮುದ್ದೆ."
ಚೆಂಬಿನಲ್ಲಿ ಕೆಮ್ಮಣ್ಣು ಕದಡುತ್ತಾ ಹೋದೆ,
"ಇನ್ನೊಂಚೂರು, ಇನ್ನೊಂಚೂರು, ಹಾಂ, ಇದು ಅಂಬಲಿ"
ಅನ್ನುವ ತನಕ. ಒಣಗಿಸಿ ತೂಗಿದರೆ
ನಲವತ್ತು ಗ್ರಾಂ. ಅವನೇ ನನ್ನ ಪ್ರಯೋಗಶಾಲೆ.

ರಿಜಿಸ್ಟರಿನಲ್ಲಿ ಇಲ್ಲದ ಮಳೆ ಓಬಳಮ್ಮನ ಬಾಯಲ್ಲಿತ್ತು.
ಎರಡನೇ ಮಗಳ ಒಸಗೆಯ ದಿನ, ಕೃತ್ತಿಕೆ,
ಹೊಲ ಉತ್ತು ಬಿಟ್ಟಿದ್ದರು, ಇನ್ನೂ ಬಿತ್ತಿರಲಿಲ್ಲ.
ಎಷ್ಟು ಹೊಯ್ಯಿತು? ಅಂಗಳದ ಒರಳು ತುಂಬಿ ಚೆಲ್ಲಿತು.
ಎಷ್ಟು ಹೊತ್ತು? ದೀಪ ಹಚ್ಚಿದಾಗಿನಿಂದ
ಮುದ್ದೆ ಇಳಿಸೋ ಹೊತ್ತಿಗೆ.
ಒರಳಿಗೆ ಟೇಪು ಇಳಿಸಿದೆ, ಬಾಯಿಯ ಅಗಲ, ಗುಳಿಯ ಆಳ,
ಒನಕೆ ತಿಂದ ತಳ, ಎಲ್ಲ ಕಳೆದು ಕೂಡಿಸಿ
ತೊಂಬತ್ತು ಮಿಲಿಮೀಟರು, ಮುಕ್ಕಾಲು ಗಂಟೆಯಲ್ಲಿ.
ಉತ್ತ ಹೊಲದ ಮೇಲೆ.
ಬರೆಯುವಾಗ ಪೆನ್ನು ಒಂದು ಸಲ ನಿಂತಿತು.

ಅವಳ ಬಾಂದುಕಲ್ಲು: ಮೇಲೆ ಪಾಚಿಯ ಕಪ್ಪು,
ಬುಡದಲ್ಲಿ ನಾಲ್ಕು ಬೆರಳು ಬಿಳಿಯ ಪಟ್ಟಿ,
ವಾಚು ಬಿಚ್ಚಿದ ಮಣಿಕಟ್ಟಿನ ಹಾಗೆ.
ನೆಟ್ಟು ಮೂವತ್ತು ವರ್ಷ.

ಕೆರೆಯ ತೂಬಿಗೆ ಸಣ್ಣೀರಪ್ಪನ ಅಪ್ಪ
ಹನ್ನೊಂದು ಮೆಟ್ಟಿಲು ಇಳಿಯುತ್ತಿದ್ದ. ಇವನಿಗೆ ಏಳೇ.
ಕೆಳಗಿನ ನಾಲ್ಕು, ಈಗ ಓಬಳಮ್ಮನ ಹೊಲ,
ಮೈಲಾರಿಯ ಗೋಮಾಳ, ಒಂದಿಷ್ಟು ರಸ್ತೆ.

ರಾತ್ರಿ ಬೀರೂರಿನ ಲಾಡ್ಜಿನಲ್ಲಿ
ಯಾವುದೋ ದೇಶದ ಜೋಳದ ಹೊಲದಲ್ಲಿ ಹುಟ್ಟಿದ ಸೂತ್ರಕ್ಕೆ
ಒರಳು, ಅಂಬಲಿ, ಮೆಟ್ಟಿಲು ತುಂಬಿದೆ.
ಕಲ್ಲು ಮೂವತ್ತೆರಡು ಟನ್ನು ಅನ್ನುತ್ತದೆ.
ತೂಬು ಹನ್ನೊಂದು.
ನಡುವಿನ ಇಪ್ಪತ್ತೊಂದು
ದಾರಿಯ ಬದುಗಳಲ್ಲಿ ಕೂತಿತೋ,
ಕೋಡಿ ಹಾರಿ ವೇದಾವತಿಗೆ ಹೋಯಿತೋ,
ನನ್ನ ಗುಣಾಕಾರದಲ್ಲೇ ಕೊಚ್ಚಿತೋ.

ನಮೂನೆಯಲ್ಲಿ ಒಂದೇ ಮನೆ, ಅದೂ ಎರಡಂಕಿಯ ಅಗಲ.
"ಇಪ್ಪತ್ತು" ಎಂದು ಬರೆದು, ಅಂಚಿನಲ್ಲಿ, ಸಣ್ಣಕ್ಷರದಲ್ಲಿ,
"ಹೆಚ್ಚುಕಡಿಮೆ ಹತ್ತು" ಎಂದೆ.
ಸಾಹೇಬರು ಅಂಚು ಓದುವವರಲ್ಲ.

ಮರುದಿನ ಗೂಟ ಕೀಳಲು ಹೋದಾಗ
ಓಬಳಮ್ಮ ಹುರುಳಿ ಹರವುತ್ತಿದ್ದಳು. "ಗೊತ್ತಾಯ್ತಾ, ಎಷ್ಟು ಹೋಯ್ತು?"
ಎಕರೆಗೆ ವರ್ಷಕ್ಕೆ ಒಂದು ಟ್ರಾಕ್ಟರು ಎರಡು ಟ್ರಿಪ್ಪು ಅಮ್ಮ,
ಹೆಚ್ಚುಕಡಿಮೆ.
"ಹೆಚ್ಚೋ, ಕಡಿಮೆಯೋ?"

ಬಿಸಿಲು ಏರಿತ್ತು. ಗೂಟ, ಟೇಪು, ಸೀಸೆ
ಚೀಲಕ್ಕೆ ಹಾಕಿ ಬದುವಿನ ಹತ್ತಿರ ಬಂದೆ.
ಅವಳು ತಲೆ ಎತ್ತದೆ ಅಂದಳು:
"ಚಪ್ಲಿ ಇಲ್ಲೇ ಕೊಡವಿ ಹೋಗಪ್ಪ."

ಕೊಡವಿದೆ.
ಎಡಗಾಲಿನದು ಹೆಚ್ಚು,
ಬಲಗಾಲಿನದು ಕಡಿಮೆ.